ಹೊಸ ಕಿಡ್ನಿ ಹಾಕಿದ ಮೇಲೂ ಜೋನಾ ಲೊಮು ಉಳಿಯಲಿಲ್ಲವೇಕೆ?

ಪ್ರಶ್ನೆ: ನ್ಯೂಜಿಲೆಂಡಿನ ರಗ್ಬಿ ಆಟಗಾರ ಲೊಮು ಕಿಡ್ನಿ ಕಸಿ ಮಾಡಿಸಿಕೊಂಡು ಮತ್ತೆ ಮೈದಾನಕ್ಕಿಳಿದಿದ್ದರಲ್ಲ? ಹಾಗಿದ್ದೂ 40ಕ್ಕೇ ತೀರಿಕೊಂಡರೆಂದರೆ ಆಪರೇಷನ್‌ನಲ್ಲೇ ಏನೋ ಎಡವಟ್ಟಾಗಿರಬೇಕಲ್ಲವೇ?

ಉತ್ತರ: ಆಪರೇಷನ್ ಕೆಟ್ಟಿದ್ದರೆ ಅವರು ಮರುವರ್ಷ, 2005ರಲ್ಲಿ, ಕಾರ್ಡಿಫ್ ತಂಡಕ್ಕೆ ಆಡುತ್ತಿರಲಿಲ್ಲ.

1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಪಡೆಯುವ ಅಂಕ) ಗಳಿಸಿದಾಗ ಲೊಮುಗೆ 20 ವರ್ಷ. ಆ ವರ್ಷದ ಕೊನೆಯಲ್ಲೇ ನೆಫ್ರಾಟಿಕ್ ಸಿಂಡ್ರೋಮ್ ಪತ್ತೆಯಾಯಿತು. ಕಿಡ್ನಿಯ ಸೋಸುವ ಪದರ ಹಾಳಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಇದು. ಮೂತ್ರ ನೊರೆನೊರೆಯಾಗುತ್ತದೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲೂತ. ಇದನ್ನಿಟ್ಟುಕೊಂಡೇ ಅವರು 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಗಳಿಸಿದರು. 2003ರಲ್ಲಿ ಡಯಾಲಿಸಿಸ್, 2004ರ ಜುಲೈನಲ್ಲಿ ಕಸಿ.

ಈಗ ಎಷ್ಟು ಸಲ ಹೇಳಿದರೂ ಹೋಗದ ಆ ನಂಬಿಕೆಗೆ ಬರೋಣ: ‘ಕಸಿ ಆಯಿತು, ಕಾಯಿಲೆ ಮುಗಿಯಿತು.’ ಸುಟ್ಟ ಮೋಟರ್ ಬಿಚ್ಚಿ ಹೊಸದು ಕೂರಿಸಿದಂತೆ ಎಂದುಕೊಳ್ಳುತ್ತಾರೆ. ಮೊದಲನೆಯದಾಗಿ, ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿಟ್ಟು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಜೋಡಿಸಿ, ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಅಲ್ಲಿ ಪಕ್ಕೆಲುಬಿನ ರಕ್ಷಣೆ ಇರುವುದಿಲ್ಲ. ಮೈಮೇಲೆ ಬೀಳುವ ಆಟ ಬೇಡವೆಂದು ವೈದ್ಯರು ಹೇಳುವುದು ಅದಕ್ಕೇ.

ಎರಡನೆಯದು ಇನ್ನೂ ಮುಖ್ಯ. ದೇಹದ ರೋಗನಿರೋಧಕ ಶಕ್ತಿ ಆ ಕಿಡ್ನಿಯನ್ನು ತನ್ನದೆಂದು ಎಂದೂ ಒಪ್ಪುವುದಿಲ್ಲ. ಆ ಶಕ್ತಿಯನ್ನು ತಗ್ಗಿಸಿಡಲು ಟ್ಯಾಕ್ರೋಲಿಮಸ್, ಮೈಕೋಫೆನೋಲೇಟ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ‘ಚೆನ್ನಾಗಿದ್ದೀನಲ್ಲ’ ಎಂದು ನಾಲ್ಕು ದಿನ ಬಿಟ್ಟವರು ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಶ್ಮಲ) ಏರಿಸಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಚಕ್ಕೋತ ಹಣ್ಣನ್ನೂ ಮುಟ್ಟಬಾರದು, ಅದು ರಕ್ತದಲ್ಲಿ ಔಷಧದ ಪ್ರಮಾಣ ಏರಿಸಿಬಿಡುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದಂತೂ ಕೂಡದು.

ಇಷ್ಟೆಲ್ಲ ಮಾಡಿದರೂ ಕಸಿ ಕಿಡ್ನಿಗೆ ಒಂದು ಆಯುಸ್ಸಿದೆ. ಬದುಕಿರುವ ದಾನಿಯದಾದರೆ 15-20 ವರ್ಷ ಬರುವುದುಂಟು, ಮೊದಲೇ ಕೈಕೊಡುವುದೂ ಉಂಟು. ಲೊಮು ಅವರದು 2011ರಲ್ಲಿ ನಿಂತಿತು. ಮತ್ತೆ ಡಯಾಲಿಸಿಸ್. ವರ್ಷಗಟ್ಟಲೆ ಅದರಲ್ಲಿರುವವರ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ಮೈಯಲ್ಲಿ ನೀರು ನಿಂತು ಹೃದಯಕ್ಕೆ ಹೊರೆಯಾಗುತ್ತದೆ. 2015ರ ನವೆಂಬರ್ 18ರಂದು, ಇಂಗ್ಲೆಂಡಿನಿಂದ ಆಕ್ಲೆಂಡಿಗೆ ಮರಳಿದ ಬೆನ್ನಿಗೇ, ಅವರು ಹಠಾತ್ತನೆ ತೀರಿಕೊಂಡರು.

ಕಿಡ್ನಿ ಕೊಟ್ಟವರ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕೊಟ್ಟದ್ದು ಗ್ರಾಂಟ್ ಕೆರೆಯಾಮ ಎಂಬ ರೇಡಿಯೋ ನಿರೂಪಕರು, ಲೊಮು ಅವರ ಸ್ನೇಹಿತರು. ನಮ್ಮಲ್ಲಿ ಸ್ನೇಹಿತರು ಕೊಡಬಹುದೇ? ಕೊಡಬಹುದು. ಆದರೆ 1994ರ ಅಂಗಾಂಗ ಕಸಿ ಕಾಯ್ದೆಯಡಿ, ಹತ್ತಿರದ ಸಂಬಂಧಿಯಲ್ಲದವರು ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಹಾಜರಾಗಿ, ಹಣದ ವ್ಯವಹಾರವಿಲ್ಲ, ಪ್ರೀತಿಯಿಂದಲೇ ಕೊಡುತ್ತಿದ್ದೇವೆ ಎಂದು ತೋರಿಸಬೇಕು. ಕೊಟ್ಟ ಮೇಲೆ ಉಳಿದ ಒಂದೇ ಕಿಡ್ನಿ ಸ್ವಲ್ಪ ಹಿಗ್ಗಿ ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ. ದಾನಿಗಳು ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಲೇಬೇಕು.