ಟೀಮ್ ಅಮೆರಿಕ, 1983: ಒಂದೇ ಸೀಸನ್ ಬಾಳಿದ ತಂಡ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ ನಡೆದ ಫುಟ್‌ಬಾಲ್ ಟೂರ್ನಿಯಲ್ಲೂ ಒಂದು ‘ಟೀಮ್ ಅಮೆರಿಕ’ ಆಡಿತ್ತು. ಬ್ರೆಜಿಲಿನ ಪೆಲೆ, ಇಂಗ್ಲೆಂಡಿನ ಬಾಬಿ ಮೂರ್ ಅದರಲ್ಲಿದ್ದರು. ಅಂದರೆ ಅದು ಅಮೆರಿಕದ ಲೀಗಿನಲ್ಲಿ ಆಡುತ್ತಿದ್ದ ವಿದೇಶಿ ತಾರೆಯರನ್ನೂ ಸೇರಿಸಿಕೊಂಡ ತಂಡ. ನಾವಿಲ್ಲಿ ಓದುತ್ತಿರುವ 1983ರ ತಂಡ ಇದಕ್ಕೆ ತದ್ವಿರುದ್ಧ: ಅಮೆರಿಕದ ಪೌರತ್ವ ಇದ್ದವರಿಗಷ್ಟೇ ಅಲ್ಲಿ ಜಾಗ.

ಹಿನ್ನೆಲೆ ಇಷ್ಟು. ಪೆಲೆ 1977ರಲ್ಲಿ ನಿವೃತ್ತರಾದ ಮೇಲೆ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಕೆಲವೇ ವರ್ಷಗಳಲ್ಲಿ ಸೊರಗತೊಡಗಿತು. ಡಚ್ ತಾರೆ ಕ್ರೈಫ್ ಆಡಿ ಹೋಗಿದ್ದ ವಾಷಿಂಗ್ಟನ್ ಡಿಪ್ಲೊಮ್ಯಾಟ್ಸ್ ಕ್ಲಬ್ ಕೂಡ 1981ರಲ್ಲಿ ಬಾಗಿಲು ಹಾಕಿತು. 1982ರ ಕೊನೆಗೆ ಕೊಲಂಬಿಯ ತನಗೆ 1986ರ ವಿಶ್ವಕಪ್ ನಡೆಸಲಾಗದು ಎಂದು ಕೈಚೆಲ್ಲಿದಾಗ ಅಮೆರಿಕ ಆ ಅವಕಾಶಕ್ಕೆ ಮುಂದೆ ಬಂತು. ರಾಷ್ಟ್ರೀಯ ತಂಡವನ್ನೇ ಒಂದು ಕ್ಲಬ್ಬಿನಂತೆ ಲೀಗಿಗೆ ಇಳಿಸಿದರೆ ಆಟಗಾರರು ವರ್ಷವಿಡೀ ಒಟ್ಟಿಗೆ ಆಡಿ ಪಳಗುತ್ತಾರೆ, ತಮ್ಮ ದೇಶದ ತಂಡ ಎಂದು ಜನರೂ ಬರುತ್ತಾರೆ ಎಂಬುದು ಲೆಕ್ಕಾಚಾರ. ಮಾಲೀಕ ರಾಬರ್ಟ್ ಲಿಫ್ಟನ್. ಮೈದಾನ ವಾಷಿಂಗ್ಟನ್‌ನ ಆರ್‌ಎಫ್‌ಕೆ ಸ್ಟೇಡಿಯಂ. ಕೋಚ್ ಅಲ್ಕೆಟಾಸ್ ಪನಗೂಲಿಯಸ್, ಗ್ರೀಸ್ ತಂಡವನ್ನು 1980ರ ಯೂರೊ ಕಪ್‌ಗೆ ಒಯ್ದವರು. ಅನುಭವಕ್ಕೆ ಕೊರತೆ ಇರಲಿಲ್ಲ.

ಎಡವಿದ್ದು ಎಲ್ಲಿ? ಮೊದಲನೆಯದಾಗಿ, ಸೇರಲೇಬೇಕಾದವರೇ ಸೇರಲಿಲ್ಲ. ರಾಷ್ಟ್ರೀಯ ತಂಡದ ನಾಯಕ ರಿಕ್ ಡೇವಿಸ್ ನ್ಯೂಯಾರ್ಕಿನ ಕಾಸ್ಮೋಸ್ ಕ್ಲಬ್ಬಿನಲ್ಲೇ ಉಳಿದರು. ಅದೇ ಕಾಸ್ಮೋಸ್ ಬಿಟ್ಟು ಬಂದ ಡಿಫೆಂಡರ್ ಜೆಫ್ ಡರ್ಗನ್ ಇಲ್ಲಿ ನಾಯಕರಾದರು. ಡೇವಿಸ್ ಅವರನ್ನು ಸುಮ್ಮನೆ ದೂರುವುದು ಸರಿಯಲ್ಲ ಅನ್ನಿಸುತ್ತದೆ. ನೆಲೆಯೂರಿದ ಕ್ಲಬ್ ಬಿಟ್ಟು, ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದ ತಂಡಕ್ಕೆ ಬಾ ಎಂದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ. ಕ್ಲಬ್ಬುಗಳ ಇಕ್ಕಟ್ಟೂ ಇತ್ತು: ಇಂತಿಷ್ಟು ಉತ್ತರ ಅಮೆರಿಕದ ಆಟಗಾರರನ್ನು ಕಣಕ್ಕಿಳಿಸಲೇಬೇಕು ಎಂದು ಲೀಗಿನ ನಿಯಮವೇ ಹೇಳುತ್ತಿತ್ತು. ಇರುವ ಒಳ್ಳೆಯ ಅಮೆರಿಕನ್ನನನ್ನು ಎದುರಾಳಿಗೆ ಬಿಟ್ಟುಕೊಟ್ಟು ಅವರು ಮಾಡುವುದೇನು? ಕಡೆಗೆ ಅಲನ್ ಮೆರಿಕ್, ಅಲನ್ ಗ್ರೀನ್ ಅವರಂಥ, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೌರತ್ವ ಪಡೆದವರಿಂದಲೂ ಜಾಗ ತುಂಬಿಸಬೇಕಾಯಿತು.

ಎರಡನೆಯದು ಗೋಲಿನ ಬರ. ಇದೇ ಮುಖ್ಯ, ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. 30 ಪಂದ್ಯಗಳಲ್ಲಿ ತಂಡ ಹೊಡೆದದ್ದು 33 ಗೋಲು, ಲೀಗಿನಲ್ಲೇ ಕನಿಷ್ಠ. ಕಾರಣ ಕೋಚ್ ಅಲ್ಲ. ಲೀಗಿನ ಕ್ಲಬ್ಬುಗಳು ದುಡ್ಡು ಸುರಿದು ಕೊಂಡದ್ದು ವಿದೇಶಿ ಸ್ಟ್ರೈಕರ್‌ಗಳನ್ನು. ಅಮೆರಿಕನ್ನರ ಪಾಲಿಗೆ ಬಂದದ್ದು ಹೆಚ್ಚಾಗಿ ಹಿಂದಿನ ಸಾಲು ಮತ್ತು ಗೋಲ್‌ಕೀಪಿಂಗ್. ಹಾಗಾಗಿ ಬರೀ ಅಮೆರಿಕನ್ನರ ತಂಡ ಕಟ್ಟಿದಾಗ ಆರ್ನಿ ಮಾಸರ್ ಅವರಂಥ ಗಟ್ಟಿ ಗೋಲ್‌ಕೀಪರ್ ಸಿಕ್ಕರು, ಡರ್ಗನ್ ಸಿಕ್ಕರು, ಗೋಲು ಹೊಡೆಯುವವರು ಸಿಗಲಿಲ್ಲ.

ಗೋಲಿನ ಬರ ಪಾಯಿಂಟ್ ಪಟ್ಟಿಯಲ್ಲಿ ಇಮ್ಮಡಿ ಪೆಟ್ಟು ಕೊಟ್ಟಿತು. ಆ ಲೀಗಿನ ಲೆಕ್ಕವೇ ಬೇರೆ:

- ಗೆಲುವಿಗೆ 6 ಪಾಯಿಂಟ್, ಸಮನಾದ ಪಂದ್ಯವನ್ನು ಶೂಟೌಟಿನಲ್ಲಿ ಗೆದ್ದರೆ 4.
- ಗೆಲ್ಲಲಿ ಸೋಲಲಿ, ಹೊಡೆದ ಪ್ರತಿ ಗೋಲಿಗೆ 1 ಬೋನಸ್. ಒಂದು ಪಂದ್ಯಕ್ಕೆ ಹೆಚ್ಚೆಂದರೆ 3. ಶೂಟೌಟಿನ ಗೋಲು ಇದಕ್ಕೆ ಸೇರದು.

3-1ರಲ್ಲಿ ಗೆದ್ದವರಿಗೆ 9, ಸೋತವರಿಗೆ 1. ಅದೇ 1-0ರ ಗೆಲುವಿಗೆ 7 ಮಾತ್ರ. 4-3ರಲ್ಲಿ ಸೋತರೂ 3 ಸಿಗುತ್ತದೆ. 30 ಪಂದ್ಯಗಳಲ್ಲಿ ಒಟ್ಟು 90 ಬೋನಸ್ ಗಳಿಸಲು ಅವಕಾಶವಿದ್ದರೆ, 33 ಗೋಲು ಹೊಡೆದವರು ಏನೇ ಮಾಡಿದರೂ 33 ದಾಟುವಂತಿಲ್ಲ. ಶೂಟೌಟ್ ಎಂದರೆ ಇಂದಿನ ಪೆನಾಲ್ಟಿ ಅಂದುಕೊಳ್ಳಬೇಡಿ: ಗೋಲಿನಿಂದ 35 ಗಜ ದೂರದಿಂದ ಚೆಂಡು ಓಡಿಸಿಕೊಂಡು ಬಂದು, ಗೋಲ್‌ಕೀಪರ್ ಎದುರಿಗೆ ನುಗ್ಗಿ ಬರುತ್ತಿರುವಾಗಲೇ 5 ಸೆಕೆಂಡಿನೊಳಗೆ ಹೊಡೆಯಬೇಕು.

ಕೊನೆಗೆ 10 ಗೆಲುವು, 20 ಸೋಲು. ಜನ ಬಂದರೇ? ಜೂನ್ 12ರಂದು ಪಂದ್ಯದ ಟಿಕೆಟ್ಟಿಗೇ ಬೀಚ್ ಬಾಯ್ಸ್ ಎಂಬ ಪಾಪ್ ಬ್ಯಾಂಡಿನ ಸಂಗೀತ ಕಛೇರಿಯೂ ಸೇರಿತ್ತು. ಅಂದು 50 ಸಾವಿರಕ್ಕೂ ಹೆಚ್ಚು ಜನ. ಸೀಸನ್ನಿನ ಸರಾಸರಿ ಮಾತ್ರ ಸುಮಾರು 13 ಸಾವಿರ. ಆ ಒಂದು ದಿನವನ್ನು ತೆಗೆದಿಟ್ಟರೆ ಸರಾಸರಿ ಇನ್ನೂ ಕೆಳಗಿಳಿಯುತ್ತದೆ ಎಂಬುದನ್ನು ಗಮನಿಸಿ. ಸೀಸನ್ ಮುಗಿದದ್ದೇ ಲಿಫ್ಟನ್ ತಂಡವನ್ನು ಮುಚ್ಚಿದರು.

ಉತ್ತರ ಬರೆಯುವಾಗ ಹಲವರು ತಪ್ಪುವುದು ಇಲ್ಲಿ: ‘ತಂಡ ಸೋತಿತು, ಅದಕ್ಕೇ ವಿಶ್ವಕಪ್ ನಡೆಸುವ ಅವಕಾಶ ಕೈತಪ್ಪಿತು’ ಎಂದು ಬರೆಯುತ್ತಾರೆ. ದಿನಾಂಕ ನೋಡಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾ ಅದಕ್ಕೆ ಮೆಕ್ಸಿಕೊವನ್ನು ಆರಿಸಿದ್ದು 1983ರ ಮೇ 20ರಂದು, ತಂಡದ ಸೀಸನ್ ಇನ್ನೂ ನಡೆಯುತ್ತಿದ್ದಾಗ. ಇನ್ನೊಂದು ತಪ್ಪು, ಲೀಗ್ ಪಂದ್ಯಗಳನ್ನೆಲ್ಲ ರಾಷ್ಟ್ರೀಯ ತಂಡದ ಖಾತೆಗೆ ಹಾಕುವುದು. ಆ ವರ್ಷ ಅಮೆರಿಕ ಆಡಿದ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಒಂದೇ: ಏಪ್ರಿಲ್ 8ರಂದು ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಹೈಟಿ ವಿರುದ್ಧ, 2-0 ಗೆಲುವು.

ಪನಗೂಲಿಯಸ್ ರಾಷ್ಟ್ರೀಯ ತಂಡದ ಕೋಚ್ ಆಗಿ ಮುಂದುವರಿದರು. 1985ರ ಮಾರ್ಚ್‌ನಲ್ಲಿ ಲೀಗೂ ನಿಂತುಹೋಯಿತು. ಎರಡು ತಿಂಗಳ ಬಳಿಕ, ಮೇ 31ರಂದು ಕ್ಯಾಲಿಫೋರ್ನಿಯದ ಟೊರೆನ್ಸ್‌ನಲ್ಲಿ ಕೋಸ್ಟರಿಕ ವಿರುದ್ಧ ಡ್ರಾ ಮಾಡಿಕೊಂಡಿದ್ದರೂ ಅಮೆರಿಕ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮುಂದಕ್ಕೆ ಹೋಗಬಹುದಿತ್ತು. ಕೋಸ್ಟರಿಕ ಒಂದು ಗೋಲು ಹೊಡೆಯಿತು. ಅಮೆರಿಕಕ್ಕೆ ಅದನ್ನು ತೀರಿಸಲಾಗಲಿಲ್ಲ.