ಯು-23 ಕಪ್ಪು ಸಮುದ್ರ ತಲುಪಿದ ದಾರಿ

2019ರಲ್ಲಿ ಟರ್ಕಿಯ ಅಗ್ವಾ ಪಟ್ಟಣದ ಆಚೆ, ಕಪ್ಪು ಸಮುದ್ರದ ತಳದಲ್ಲಿ ಯು-23 ಎಂಬ ಜರ್ಮನ್ ಜಲಾಂತರ್ಗಾಮಿಯ ಅವಶೇಷ ಪತ್ತೆಯಾದಾಗ, ಹಿಟ್ಲರನ ‘ಕಳೆದುಹೋದ’ ನೌಕಾಪಡೆಯೇ ಸಿಕ್ಕಿತೆಂಬ ಸುದ್ದಿ ಹರಡಿತು. ಆದರೆ ಅದು ಕಳೆದುಹೋದದ್ದಲ್ಲ, ಅದರ ಸಿಬ್ಬಂದಿಯೇ ಬೇಕೆಂದು ಮುಳುಗಿಸಿದ್ದು. ಬಾಲ್ಟಿಕ್ ತೀರದ ಕೀಲ್‌ನಲ್ಲಿ 1936ರಲ್ಲಿ ನೀರಿಗಿಳಿದ ನೌಕೆ ಅಷ್ಟು ದೂರದ ಒಳಸಮುದ್ರಕ್ಕೆ ಬಂದದ್ದು ಹೇಗೆಂಬುದು ನಿಜವಾದ ಪ್ರಶ್ನೆ.

ಮೊದಲ ಮಹಾಯುದ್ಧದ ಬಳಿಕದ ವರ್ಸೇಲ್ಸ್ ಒಪ್ಪಂದವು ಜರ್ಮನಿಗೆ ಜಲಾಂತರ್ಗಾಮಿಗಳನ್ನೇ ನಿಷೇಧಿಸಿತ್ತು. 1935ರಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದ ಆ ತಡೆಯನ್ನು ಸಡಿಲಿಸಿತು. ಆಗ ತಯಾರಾದ ಸಣ್ಣ ಕರಾವಳಿ ನೌಕೆಗಳಲ್ಲಿ ಯು-23 ಒಂದು: ಸುಮಾರು 43 ಮೀಟರ್ ಉದ್ದ, 279 ಟನ್ ತೂಕ, ಮೂರು ಟಾರ್ಪಿಡೊ ಕೊಳವೆಗಳು, ಇಪ್ಪತ್ತೈದರ ಆಸುಪಾಸಿನ ಸಿಬ್ಬಂದಿ. ಒಟ್ಟೊ ಕ್ರೆಚ್ಮರ್ ನಾಯಕತ್ವದಲ್ಲಿ ಅದು 1940ರ ಫೆಬ್ರವರಿ 18ರಂದು ಬ್ರಿಟಿಷ್ ವಿಧ್ವಂಸಕ ನೌಕೆ ಡೇರಿಂಗ್ ಅನ್ನು ಮುಳುಗಿಸಿತು. 157 ಮಂದಿ ಸತ್ತರು. ಯುದ್ಧ ಅಟ್ಲಾಂಟಿಕ್‌ಗೆ ಹಬ್ಬಿದ ಮೇಲೆ ಇಷ್ಟು ಸಣ್ಣ ನೌಕೆ ತರಬೇತಿಗಷ್ಟೇ ಉಳಿಯಿತು.

1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿದಾಗ ಕಪ್ಪು ಸಮುದ್ರದಲ್ಲಿ ಅದಕ್ಕೆ ಜಲಾಂತರ್ಗಾಮಿಗಳೇ ಇರಲಿಲ್ಲ. ತಟಸ್ಥ ಟರ್ಕಿ 1936ರ ಮಾಂಟ್ರೋ ಒಡಂಬಡಿಕೆಯಂತೆ ಯುದ್ಧನಿರತ ದೇಶಗಳ ಯುದ್ಧನೌಕೆಗಳನ್ನು ಮೆಡಿಟರೇನಿಯನ್ ಕಡೆಯಿಂದ ಕಪ್ಪು ಸಮುದ್ರಕ್ಕಿರುವ ಏಕೈಕ ಕಡಲದಾರಿಯಾದ ತನ್ನ ಜಲಸಂಧಿಯ ಮೂಲಕ ಬಿಡುತ್ತಿರಲಿಲ್ಲ. ಹೀಗಾಗಿ ಯು-23 ಸೇರಿದಂತೆ ಆರು ನೌಕೆಗಳನ್ನು ಒಂದೊಂದಾಗಿ ಬಿಚ್ಚಲಾಯಿತು. ಎಂಜಿನ್ನುಗಳನ್ನೂ ಮೇಲ್ಗೋಪುರವನ್ನೂ ತೆಗೆದು ತೂಕವನ್ನು ಸುಮಾರು ಅರ್ಧಕ್ಕೆ ಇಳಿಸಿ, ಉಳಿದ ಒಡಲನ್ನು ಪಕ್ಕಕ್ಕೆ ಮಲಗಿಸಿ ತೇಲುಪೆಟ್ಟಿಗೆಗಳ ಮೇಲೆ ಎಲ್ಬೆ ನದಿಯಲ್ಲಿ ಡ್ರೆಸ್ಡೆನ್‌ವರೆಗೆ ಸಾಗಿಸಿದರು. ಅಲ್ಲಿಂದ ಇಂಗೋಲ್‌ಸ್ಟಾಟ್‌ವರೆಗೆ ಹೆದ್ದಾರಿ: ಹಲವು ಚಕ್ರಗಳ ಗಾಡಿಯ ಮೇಲಿಟ್ಟು ಭಾರೀ ಟ್ರ್ಯಾಕ್ಟರುಗಳಿಂದ ತೇರಿನಂತೆ ಎಳೆಸಿದರು. ಮುಂದೆ ಡ್ಯಾನ್ಯೂಬ್ ಹಿಡಿದು ಇಳಿದು, ಮರುಜೋಡಣೆಯಾಗಿ, ಅವು ರೊಮೇನಿಯಾದ ಕಾನ್‌ಸ್ಟಾಂಟ್ಸ ಬಂದರನ್ನು ಸೇರಿದವು. ಮೊದಲ ನೌಕೆಗಳು 1942ರ ಶರತ್ಕಾಲದಲ್ಲಿ ಬಂದರೆ ಯು-23 ಮತ್ತೆ ಸೇವೆಗೆ ಸೇರಿದ್ದು 1943ರ ಜೂನ್‌ನಲ್ಲಿ. ಅಷ್ಟರಲ್ಲಿ ಜರ್ಮನಿ ಸೋತ ಸ್ಟಾಲಿನ್‌ಗ್ರಾಡ್ ಕದನ ಮುಗಿದುಹೋಗಿತ್ತು.

ಈ ಸಾಗಣೆಯ ಕೌಶಲವನ್ನು ಹೊಗಳುವವರು ಫಲಿತಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಲು ಹೆಚ್ಚೇನೂ ಇಲ್ಲವೆಂಬುದೂ ನಿಜ. ಕೆಲವು ಹಡಗುಗಳು ಮುಳುಗಿದವು, ಸೋವಿಯತ್ ಸಾಗಾಟ ನಿಲ್ಲಲಿಲ್ಲ.

1944ರ ಆಗಸ್ಟ್ 23ರಂದು ರೊಮೇನಿಯಾ ಜರ್ಮನಿಯನ್ನು ಬಿಟ್ಟು ಸೋವಿಯತ್ ಒಕ್ಕೂಟವಿದ್ದ ಮಿತ್ರರಾಷ್ಟ್ರಗಳ ಕಡೆ ಸೇರಿತು. ಆರು ನೌಕೆಗಳಲ್ಲಿ ಯು-9 ಅದಕ್ಕೆ ಮೂರು ದಿನ ಮೊದಲೇ ಸೋವಿಯತ್ ಬಾಂಬಿಗೆ ತುತ್ತಾಗಿತ್ತು. ಯು-18, ಯು-24 ಎರಡನ್ನೂ 25ರಂದು ಜರ್ಮನ್ನರೇ ಮುಳುಗಿಸಿದರು. ಸಮುದ್ರದಲ್ಲಿದ್ದ ಯು-19, ಯು-20, ಯು-23ಗಳಿಗೆ ಮರಳಲು ಬಂದರಿರಲಿಲ್ಲ, ಹೊರಹೋಗಲು ಜಲಸಂಧಿಯೂ ತೆರೆದಿರಲಿಲ್ಲ. ಇಂಧನ ಮುಗಿಯುತ್ತ ಬಂದಾಗ, ಸೆಪ್ಟೆಂಬರ್ 10ರಂದು, ಮೂರನ್ನೂ ಟರ್ಕಿಯ ಕರಾವಳಿಯಾಚೆ ಮುಳುಗಿಸಲಾಯಿತು. ಆಗಸ್ಟ್ ಆರಂಭದಲ್ಲೇ ಜರ್ಮನಿಯೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿದ್ದ ಟರ್ಕಿ, ದಡ ಸೇರಿದ ನಾವಿಕರನ್ನು ಹಿಡಿದು ಬಂಧನದಲ್ಲಿಟ್ಟಿತು.