ಮಹಿಳಾ ಕಾಂಡೋಮ್: ಹಾಕಿಸಿಕೊಳ್ಳುವುದಲ್ಲ, ಹಾಕಿಕೊಳ್ಳುವುದು

ಗರ್ಭ ನಿಲ್ಲದಿರಲೆಂದು ಹೆಂಗಸರು ಅನುಸರಿಸುವ ಹೆಚ್ಚಿನ ವಿಧಾನಗಳಿಗೆ ಕನ್ನಡದಲ್ಲಿ ‘ಇಸು’ ಪ್ರತ್ಯಯ ಅಂಟಿಕೊಂಡಿದೆ. ವಂಕಿ, ಅಂದರೆ ಕಾಪರ್ ಟಿ, ಹಾಕಿಸಿಕೊಳ್ಳುತ್ತಾರೆ, ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾರೆ, ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಮೈ ಅವಳದು, ಕೆಲಸ ಮಾಡುವ ಕೈ ಬೇರೆಯವರದು. ಮಾತ್ರೆಯೊಂದನ್ನು ಮಾತ್ರ ಅವಳೇ ನುಂಗುತ್ತಾಳೆ. ಮಹಿಳಾ ಕಾಂಡೋಮ್ ಆ ಮಾತ್ರೆಯ ಸಾಲಿಗೆ ಸೇರಿದ್ದು. ತಾನೇ ಹಾಕಿಕೊಂಡು ತಾನೇ ತೆಗೆಯಬಹುದು, ವೈದ್ಯರ ಕೈ ಬೇಕಿಲ್ಲ, ಹಾರ್ಮೋನಿನ ಗೊಡವೆಯಿಲ್ಲ. ಜೊತೆಗೆ ಮಾತ್ರೆಯ ಕೈಯಲ್ಲಾಗದ ಕೆಲಸವೊಂದನ್ನೂ ಇದು ಮಾಡುತ್ತದೆ: ಎಚ್‌ಐವಿ, ಗೊನೋರಿಯಾ, ಕ್ಲಮೀಡಿಯಾದಂಥ ಸೋಂಕುಗಳು ದಾಟದಂತೆ ತಡೆಯುತ್ತದೆ. ಹಾಗಾಗಿ ಇದನ್ನು ಬರೀ ‘ಗರ್ಭನಿರೋಧಕ’ ಎಂದು ಕರೆದರೆ ಅದರ ಅರ್ಧ ಕೆಲಸವನ್ನಷ್ಟೇ ಹೇಳಿದಂತಾಗುತ್ತದೆ.

ನೋಡಲು ಇದೊಂದು ತೆಳುವಾದ, ಮೃದುವಾದ ಚೀಲ. ಉದ್ದ ಸುಮಾರು 17 ಸೆಂಟಿಮೀಟರ್. ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಎರಡು ಬಳೆಗಳಿವೆ. ಇಂಗ್ಲಿಷಿನಲ್ಲಿ ಇವನ್ನು ‘ರಿಂಗ್’ ಎನ್ನುವುದರಿಂದ ನಮ್ಮ ಅನುವಾದಗಳಲ್ಲಿ ‘ಉಂಗುರ’ ಬಂದು ಕುಳಿತಿದೆ. ಉಂಗುರ ಎಂದೊಡನೆ ಬೆರಳಿನ ಅಳತೆ ಕಣ್ಣಿಗೆ ಬರುತ್ತದೆ. ಪೊಟ್ಟಣ ಬಿಚ್ಚಿದವರು ಗಾತ್ರ ನೋಡಿ ಬೆಚ್ಚುತ್ತಾರೆ. ನಿಜದಲ್ಲಿ ಒಳಗಿನದು ಆರು ಸೆಂಟಿಮೀಟರಿನಷ್ಟು, ಹೊರಗಿನದು ಏಳರಷ್ಟು ಅಗಲ. ಬಳೆ ಎನ್ನುವುದೇ ಸರಿ. ಮುಚ್ಚಿದ ತುದಿಯೊಳಗೆ ಸಡಿಲವಾಗಿ ಕುಳಿತಿರುವ ಒಳಬಳೆಗೆ ಬಾಗುವ ಗುಣವಿದೆ. ಹಿಚುಕಿ ಒಳಗೆ ತಳ್ಳಿದರೆ ಗರ್ಭಕೊರಳಿನ ಹತ್ತಿರ ಮತ್ತೆ ಅರಳಿಕೊಂಡು ಚೀಲವನ್ನು ಅಲ್ಲಿಯೇ ಹಿಡಿದಿಡುತ್ತದೆ. ತೆರೆದ ಬಾಯಿಗೆ ಅಂಟಿಕೊಂಡಿರುವ ಹೊರಬಳೆ ಯೋನಿದ್ವಾರದ ಹೊರಗೇ ಉಳಿಯುತ್ತದೆ. ನಡುವಿನ ಚೀಲ ಯೋನಿಯ ಒಳಗೋಡೆಗೆ ಅಸ್ತರಿಯಂತೆ ಒತ್ತಿಕೊಳ್ಳುತ್ತದೆ. ಶಿಶ್ನ ಈ ಅಸ್ತರಿಯೊಳಗೆ ಆಡುತ್ತದೆ, ವೀರ್ಯ ಅದರಲ್ಲಿಯೇ ನಿಲ್ಲುತ್ತದೆ.

ಡೆನ್ಮಾರ್ಕಿನ ವೈದ್ಯ ಲಾಸೆ ಹೆಸೆಲ್ 1980ರ ದಶಕದಲ್ಲಿ ರೂಪಿಸಿದ ಸಾಧನವಿದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ಮಾದರಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು, ಮತ್ತು ಅದರ ಮೇಲಿನ ದೊಡ್ಡ ದೂರು ಸದ್ದಿನದು: ಮಿಲನದ ನಡುವೆ ಪ್ಲಾಸ್ಟಿಕ್ ಚೀಲ ಮಡಚಿದಂತೆ ಸರಸರ ಎನ್ನುತ್ತಿತ್ತು. ನಗೆಪಾಟಲಿನ ವಿಷಯವೆನಿಸಿದರೂ ಎಷ್ಟೋ ಮಂದಿ ಅದನ್ನು ಬದಿಗಿಟ್ಟದ್ದು ಇದೇ ಕಾರಣಕ್ಕೆ. ಮುಂದೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಎರಡನೆಯ ಮಾದರಿ, ಎಫ್‌ಸಿ2, ಬಂದಿತು. ಇದಕ್ಕೆ 2009ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಹೆಚ್ಚು ಮೃದು, ಸದ್ದು ಕಡಿಮೆ. ಒಳಬಳೆಯ ಬದಲು ಸ್ಪಂಜು ಇಟ್ಟು, ನೈಸರ್ಗಿಕ ರಬ್ಬರಾದ ಲೇಟೆಕ್ಸಿನಿಂದ ಮಾಡಿದ ಮಾದರಿಗಳೂ ಇವೆ.

ಹೆಸರಿನ ಕಥೆಯೂ ಸ್ವಲ್ಪ ಗೋಜಲೇ. ಯುರೋಪಿನಲ್ಲಿ ‘ಫೆಮಿಡಮ್’ ಎಂದು, ಅಮೆರಿಕದಲ್ಲಿ ‘ರಿಯಾಲಿಟಿ’ ಎಂದು ಮಾರಿದರು. 2018ರಲ್ಲಿ ಎಫ್‌ಡಿಎ ‘ಮಹಿಳಾ’ ಎಂಬುದನ್ನು ಕೈಬಿಟ್ಟು ‘ಒಂದೇ ಬಾರಿ ಬಳಸುವ ಆಂತರಿಕ ಕಾಂಡೋಮ್’ ಎಂದು ಹೆಸರು ಬದಲಿಸಿತು. ಯಾರು ಧರಿಸುತ್ತಾರೆ ಎಂಬುದಕ್ಕಿಂತ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ ಎನ್ನುವ ನೋಟ ಅದರದು. ನನಗೆ ಅದು ಒಪ್ಪಿಗೆ. ಆದರೆ ‘ಆಂತರಿಕ’ ಎಂಬ ಪದ ಕನ್ನಡದಲ್ಲಿ ಪಕ್ಷದೊಳಗಿನ ಭಿನ್ನಮತವನ್ನೋ ಕಾಲೇಜಿನ ಅಂಕಗಳನ್ನೋ ನೆನಪಿಸುವುದರಿಂದ, ‘ಮಹಿಳಾ ಕಾಂಡೋಮ್’ ಎಂದರೇ ಓದುಗರಿಗೆ ಬೇಗ ತಿಳಿಯುತ್ತದೆ.

ಇದನ್ನು ವಂಕಿಯೊಂದಿಗೆ ಬೆರೆಸಬೇಡಿ. ವಂಕಿ ಗರ್ಭಕೋಶದ ಒಳಗೆ ವರ್ಷಗಟ್ಟಲೆ ಇರುವಂಥದು. ಸೋಂಕನ್ನು ಅದು ತಡೆಯುವುದಿಲ್ಲ. ಮಹಿಳಾ ಕಾಂಡೋಮ್ ಯೋನಿಯನ್ನು ದಾಟಿ ಹೋಗುವುದೇ ಇಲ್ಲ. ‘ಒಳಗೆ ಎಲ್ಲಾದರೂ ಕಳೆದುಹೋದರೆ?’ ಎಂಬ ಭಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಯೋನಿಯ ಕೊನೆಯಲ್ಲಿರುವುದು ಗರ್ಭಕೊರಳು, ಅದರ ಬಾಯಿ ತೀರ ಚಿಕ್ಕದು. ಆರು ಸೆಂಟಿಮೀಟರಿನ ಬಳೆ ಅಲ್ಲಿಂದ ಮುಂದೆ ಹೋಗಲು ದಾರಿಯೇ ಇಲ್ಲ.

ಇನ್ನು ಹಾಕಿಕೊಳ್ಳುವ ಬಗೆ. ಮೊದಲು ಪೊಟ್ಟಣದ ಮೇಲಿನ ಅವಧಿ ನೋಡಿ. ಕತ್ತರಿ, ಹಲ್ಲು ತಾಗಿಸದೆ ಕೈಯಿಂದಲೇ ಬಿಚ್ಚಿ. ಕುಕ್ಕರಗಾಲಿನಲ್ಲಿ ಕುಳಿತರೂ ಸರಿ, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ನಿಂತರೂ ಸರಿ, ಮಲಗಿದರೂ ಸರಿ. ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಒಳಬಳೆಯನ್ನು ಹಿಚುಕಿದಾಗ ಅದು ಇಂಗ್ಲಿಷಿನ 8ರ ಅಂಕಿಯಂತೆ ಸೊಂಟ ಸಣ್ಣಗಾಗಿಸಿಕೊಳ್ಳುತ್ತದೆ. ಮೊದಲ ಸಲ ಹೆಚ್ಚಿನವರು ಸೋಲುವುದು ಇಲ್ಲಿಯೇ. ಚೀಲಕ್ಕೆಲ್ಲ ಜಾರುವ ದ್ರವ ಸವರಿರುತ್ತದೆ; ಹಿಚುಕಿದ ಬಳೆ ಒದ್ದೆ ಸಾಬೂನಿನಂತೆ ಬೆರಳಿನಿಂದ ಚಿಮ್ಮಿ ಎತ್ತಲೋ ಹಾರುತ್ತದೆ. ನಕ್ಕು ಮತ್ತೆ ಹಿಡಿಯಬೇಕು, ಅಷ್ಟೇ. ನೆಲಕ್ಕೆ ಬಿದ್ದರೆ ಮಾತ್ರ ಹೊಸದನ್ನೇ ತೆಗೆದುಕೊಳ್ಳಿ. ಹಿಚುಕಿದ ಬಳೆಯನ್ನು ಒಳಗೆ ಸರಿಸಿ, ಬಳಿಕ ತೋರುಬೆರಳನ್ನು ಚೀಲದ ಒಳಗೆ ಹಾಕಿ ಬಳೆಯನ್ನು ಹೋಗುವಷ್ಟು ದೂರ ತಳ್ಳಬೇಕು. ಸರಿಯಾಗಿ ಕೂತಿದ್ದರೆ ಒಳಗೆ ಏನೋ ಇದೆ ಎಂಬ ಅರಿವೇ ಆಗುವುದಿಲ್ಲ. ಒತ್ತುತ್ತಿದೆ ಅನ್ನಿಸಿದರೆ ಬಳೆ ಇನ್ನೂ ಒಳಗೆ ಹೋಗಬೇಕಿದೆ ಎಂದರ್ಥ. ಚೀಲ ತಿರುಚಿಕೊಂಡಿರಬಾರದು, ಹೊರಬಳೆ ಹೊರಗೇ ಇರಬೇಕು.

ಇದನ್ನೆಲ್ಲ ಮೊದಲ ಬಾರಿಗೆ ಸಂಗಾತಿಯ ಎದುರು, ಆತುರದಲ್ಲಿ, ಅರೆಬೆಳಕಿನಲ್ಲಿ ಕಲಿಯಲು ಹೋಗಬೇಡಿ. ಒಬ್ಬರೇ ಇದ್ದಾಗ ಎರಡು ಮೂರು ಸಲ ಹಾಕಿ ತೆಗೆದು ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ. ಹಾಗೆ ಅಭ್ಯಾಸಕ್ಕೆ ಬಳಸಿದ್ದನ್ನು ಎಸೆಯಿರಿ. ಇದನ್ನು ಮಿಲನಕ್ಕೆ ಎಷ್ಟೋ ಮುಂಚೆಯೇ, ಎಂಟು ಗಂಟೆಯವರೆಗೂ, ಹಾಕಿಕೊಂಡಿರಬಹುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಪೊಟ್ಟಣದ ಚೀಟಿಯಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಪುರುಷರ ಕಾಂಡೋಮ್ ಶಿಶ್ನ ನಿಮಿರುವ ತನಕ ಕಾಯಬೇಕು, ಮುಗಿದೊಡನೆ ಹೊರಗೆ ತೆಗೆಯಬೇಕು. ಇದಕ್ಕೆ ಆ ಎರಡೂ ಕಟ್ಟುಪಾಡುಗಳಿಲ್ಲ.

ಮಿಲನದ ಹೊತ್ತಿನಲ್ಲಿ ಒಂದೇ ಒಂದು ಎಚ್ಚರ ಬಹಳ ಮುಖ್ಯ. ಶಿಶ್ನ ಹೊರಬಳೆಯ ಒಳಗಿಂದಲೇ ಹೋಗಬೇಕು. ಕೈಯಿಂದ ದಾರಿ ತೋರಿಸದಿದ್ದರೆ ಅದು ಬಳೆಯ ಪಕ್ಕದಿಂದ, ಚೀಲಕ್ಕೂ ಯೋನಿಯ ಗೋಡೆಗೂ ನಡುವೆ ನುಸುಳಬಹುದು. ಆಗ ಕಾಂಡೋಮ್ ಇದ್ದೂ ಇಲ್ಲದಂತೆ. ಕೆಲವೊಮ್ಮೆ ಹೊರಬಳೆಯೇ ಒಳಗೆ ಸೆಳೆದುಕೊಂಡು ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಆದರೆ ನಿಲ್ಲಿಸಿ, ಸರಿಪಡಿಸಿ, ಬೇಕಾದರೆ ಇನ್ನಷ್ಟು ಜೆಲ್ ಹಾಕಿ. ಹೊರಬಳೆ ಚಂದ್ರನಾಡಿಗೆ (ಕ್ಲಿಟೋರಿಸ್) ತಾಗುವುದು ಕೆಲವು ಹೆಂಗಸರಿಗೆ ಹಿತವೆನಿಸುತ್ತದೆ, ಕೆಲವರಿಗೆ ಕಿರಿಕಿರಿ. ಬಿಗಿಯಿಲ್ಲದ ಕಾರಣ ಗಂಡಸರಲ್ಲಿ ಕೆಲವರಿಗೆ ಇದೇ ವಾಸಿ ಅನ್ನಿಸುವುದೂ ಉಂಟು.

‘ಎರಡೆರಡು ರಕ್ಷಣೆ’ ಎಂದು ಗಂಡು ಒಂದು, ಹೆಣ್ಣು ಒಂದು ಕಾಂಡೋಮ್ ಒಟ್ಟಿಗೆ ಹಾಕಿಕೊಳ್ಳುವವರಿದ್ದಾರೆ. ಒಂದಕ್ಕೊಂದು ಉಜ್ಜಿ ಜಾರಬಹುದು, ಹರಿಯಬಹುದು. ಒಮ್ಮೆಗೆ ಒಂದೇ ಸಾಕು. ಎಣ್ಣೆಯಂಶವಿರುವ ಜೆಲ್ ನೈಟ್ರೈಲ್ ಮತ್ತು ಪಾಲಿಯುರೆಥೇನಿಗೆ ಏನೂ ಮಾಡುವುದಿಲ್ಲ, ಲೇಟೆಕ್ಸನ್ನು ಮಾತ್ರ ಹಾಳುಮಾಡುತ್ತದೆ; ಹಾಗಾಗಿ ಪೊಟ್ಟಣದ ಮೇಲೆ ಯಾವ ವಸ್ತುವೆಂದು ಬರೆದಿದೆ ನೋಡಿ. ಲೇಟೆಕ್ಸ್ ಅಲರ್ಜಿ ಇರುವವರಿಗೂ ಈ ಸಾಲು ಬೇಕಾದೀತು.

ಎಷ್ಟರ ಮಟ್ಟಿಗೆ ನಂಬಬಹುದು? ಪ್ರತಿಸಲವೂ ಚಾಚೂ ತಪ್ಪದೆ ಬಳಸಿದರೆ ಒಂದು ವರ್ಷದಲ್ಲಿ ನೂರು ಹೆಂಗಸರಲ್ಲಿ ಸುಮಾರು 5 ಮಂದಿ ಬಸಿರಾಗುತ್ತಾರೆ. ಮರೆವು, ಆತುರ, ಜಾರಾಟ ಎಲ್ಲ ಸೇರಿದ ದಿನನಿತ್ಯದ ಬಳಕೆಯಲ್ಲಿ ಈ ಸಂಖ್ಯೆ 21. ಪುರುಷರ ಕಾಂಡೋಮಿಗೆ ಇದೇ ಲೆಕ್ಕ ಕ್ರಮವಾಗಿ 2 ಮತ್ತು 13. ಅಂದರೆ ಬಸಿರು ತಡೆಯುವುದರಲ್ಲಿ ಇದು ಒಂದು ಕೈ ಹಿಂದೆಯೇ. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಆದರೆ 5ಕ್ಕೂ 21ಕ್ಕೂ ಇರುವ ಅಂತರವನ್ನು ಗಮನಿಸಿ. ಆ ಹದಿನಾರರಲ್ಲಿ ರಬ್ಬರಿನ ತಪ್ಪಿಗಿಂತ ಬಳಕೆಯ ತಪ್ಪೇ ಹೆಚ್ಚು, ಹಾಗಾಗಿಯೇ ಅಭ್ಯಾಸದ ಮಾತನ್ನು ಅಷ್ಟು ಒತ್ತಿ ಹೇಳಿದ್ದು. ಗರ್ಭದ ಚಿಂತೆ ದೊಡ್ಡದಾಗಿದ್ದರೆ ಮಾತ್ರೆಯನ್ನೋ ವಂಕಿಯನ್ನೋ ಇದರ ಜೊತೆಗಿಟ್ಟುಕೊಳ್ಳಬಹುದು. ಚರ್ಮದಿಂದ ಚರ್ಮಕ್ಕೆ ಹರಡುವ ಹರ್ಪಿಸ್, ಎಚ್‌ಪಿವಿ ಸೋಂಕುಗಳ ಮಟ್ಟಿಗೆ ಯಾವ ಕಾಂಡೋಮೂ ಪೂರ್ತಿ ಕಾಪಾಡದು.

‘ಗಂಡಸಿಗೆ ಗೊತ್ತಾಗದಂತೆ ಬಳಸಬಹುದು’ ಎಂಬ ಪ್ರಚಾರವನ್ನೂ ನಾನು ಒಪ್ಪುವುದಿಲ್ಲ. ಏಳು ಸೆಂಟಿಮೀಟರಿನ ಬಳೆ ಹೊರಗಿರುವಾಗ ಗುಟ್ಟು ಹೇಗೆ ಉಳಿದೀತು? ಅವನ ಸಹಕಾರ ಬೇಕೇ ಬೇಕು. ಆದರೆ ಕಾಂಡೋಮ್ ಹಾಕಿಕೊಳ್ಳೆಂದು ಅವನನ್ನು ಒಪ್ಪಿಸುವುದಕ್ಕೂ, ಇಗೋ ನಾನೇ ಹಾಕಿಕೊಂಡಿದ್ದೇನೆ ಎನ್ನುವುದಕ್ಕೂ ವ್ಯತ್ಯಾಸವಿದೆ. 1990ರ ದಶಕದಲ್ಲಿ ಏಡ್ಸ್‌ನಿಂದ ತತ್ತರಿಸಿದ್ದ ಜಿಂಬಾಬ್ವೆಯಲ್ಲಿ ಹೆಂಗಸರು ಸುಮಾರು 30,000 ಸಹಿ ಸಂಗ್ರಹಿಸಿ, ಈ ಸಾಧನವನ್ನು ದೇಶಕ್ಕೆ ತರಿಸಿಕೊಡಿ ಎಂದು ಸರ್ಕಾರವನ್ನು ಕೇಳಿದ್ದು ಈ ವ್ಯತ್ಯಾಸಕ್ಕಾಗಿಯೇ.

ತೆಗೆಯುವುದು ಸುಲಭ. ಎದ್ದು ನಿಲ್ಲುವ ಮೊದಲೇ ಹೊರಬಳೆಯನ್ನು ಎರಡು ಸುತ್ತು ತಿರುಚಿ, ವೀರ್ಯ ಚೆಲ್ಲದಂತೆ ಮೆಲ್ಲಗೆ ಎಳೆದು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಶೌಚಾಲಯದ ಗುಂಡಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ತೊಳೆದು ಮತ್ತೆ ಬಳಸುವಂತಿಲ್ಲ.

ಜಾರಿತು, ಹರಿಯಿತು ಅಥವಾ ಪಕ್ಕದಿಂದ ನುಸುಳಿತು ಎನ್ನುವುದಾದರೆ 72 ಗಂಟೆ ಎಂಬ ಗಡುವನ್ನು ನೆನಪಿಡಿ. ಲೆವೊನೊರ್ಜೆಸ್ಟ್ರೆಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆಯನ್ನು ಅಷ್ಟರೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು. ಎಚ್‌ಐವಿಯ ಭಯವಿದ್ದರೆ 28 ದಿನಗಳ ತಡೆಮದ್ದನ್ನು ಆರಂಭಿಸಲೂ ಅದೇ 72 ಗಂಟೆಯ ಮಿತಿ; ಅದಕ್ಕೆ ವೈದ್ಯರನ್ನು ಕಾಣಲೇಬೇಕು. ಮಾತ್ರೆಯ ಗಡುವು ಮೀರಿಹೋಗಿದ್ದರೆ, ಐದು ದಿನಗಳೊಳಗೆ ತಾಮ್ರದ ವಂಕಿ ಹಾಕಿಸಿಕೊಂಡೂ ಗರ್ಭ ನಿಲ್ಲದಂತೆ ತಡೆಯಬಹುದು.